ಮೊದಲು ಟ್ರೇಲರ್, ಆಮೇಲೆ ವೆಲ್ಡಿಂಗ್

ಡಿಫ್ ವೆಲ್ಡ್ ಮಾಡಿಸಲಾ ಅಂತ ಯಾರಾದರೂ ಕೇಳಿದರೆ ನಾನು ಹಾರ್ಸ್‌ಪವರ್ ಕೇಳಲ್ಲ, ಬಜೆಟ್ ಕೇಳಲ್ಲ, ಯಾವ ಟೈರ್ ಅಂತಲೂ ಕೇಳಲ್ಲ. ಒಂದೇ ಪ್ರಶ್ನೆ: ನಿಮ್ಮ ಹತ್ರ ಟ್ರೇಲರ್ ಇದೆಯಾ? ಅಥವಾ ಕಾರನ್ನು ಫ್ಲ್ಯಾಟ್‌ಬೆಡ್ ಮೇಲೆ ಹೇರಿಸಿಕೊಂಡು ಟ್ರ್ಯಾಕ್‌ಗೆ ಹೋಗಿ, ಹಾಗೇ ಹೇರಿಸಿಕೊಂಡು ವಾಪಸ್ ಬರ್ತೀರಾ? ಹೌದು ಅಂದ್ರೆ ಮುಂದಿನ ಮಾತು. ಇಲ್ಲ ಅಂದ್ರೆ ಮಾತು ಅಲ್ಲಿಗೇ ಮುಗೀತು. ವೆಲ್ಡಿಂಗ್ ಬೇಡ.

ಈ ಉತ್ತರ ಯಾರಿಗೂ ಇಷ್ಟ ಆಗಲ್ಲ. ಶನಿವಾರ ರಾತ್ರಿ ಯೂಟ್ಯೂಬ್‌ನಲ್ಲಿ ಯಾರೋ ಹಳೇ ಸಿಲ್ವಿಯಾದ ಡಿಫ್ ಬಿಚ್ಚಿ, ಒಳಗಿನ ಗೇರುಗಳಿಗೆ ನಾಲ್ಕು ಕಡೆ ವೆಲ್ಡ್ ಎಳೆದು, ಅರ್ಧ ಗಂಟೆಯಲ್ಲಿ ಡ್ರಿಫ್ಟ್ ಕಾರು ರೆಡಿ ಮಾಡಿದ್ದನ್ನು ನೋಡಿರ್ತಾರೆ. ಭಾನುವಾರ ಬೆಳಿಗ್ಗೆ ಸೆಕೆಂಡ್ ಹ್ಯಾಂಡ್ 3 ಸೀರೀಸ್‌ ಬಿಎಂಡಬ್ಲ್ಯೂ ಕೆಳಗೆ ತಲೆ ಹಾಕಿ ನೋಡ್ತಾರೆ. ಸೋಮವಾರ ಅದೇ ಕಾರಲ್ಲಿ ಔಟರ್ ರಿಂಗ್ ರೋಡ್ ಹಿಡಿದು ಆಫೀಸಿಗೆ ಹೋಗಬೇಕು ಅನ್ನೋದು ಮಾತ್ರ ಲೆಕ್ಕದಲ್ಲೇ ಇರಲ್ಲ. ನನ್ನ ತಕರಾರು ಈ ಸೋಮವಾರದ ಬಗ್ಗೆ.

ಮೊದಲು ಡಿಫರೆನ್ಷಿಯಲ್ ಏನು ಕೆಲಸ ಮಾಡುತ್ತೆ ಅನ್ನೋದನ್ನು ನೆಟ್ಟಗೆ ತಿಳ್ಕೊಳ್ಳೋಣ. ಜೋಡೆತ್ತು ಕಟ್ಟಿ ಉಳುವವರನ್ನು ನೋಡಿದವರಿಗೆ ಇದು ಸುಲಭ. ಸಾಲಿನ ಕೊನೆಯಲ್ಲಿ ತಿರುಗಿಸುವಾಗ ಒಳಗಿನ ಎತ್ತು ಹೆಚ್ಚುಕಮ್ಮಿ ನಿಂತಲ್ಲೇ ಹೆಜ್ಜೆ ಹಾಕುತ್ತೆ, ಹೊರಗಿನದ್ದು ದೊಡ್ಡ ಸುತ್ತು ಬರುತ್ತೆ. ಎರಡೂ ಒಂದೇ ಅಳತೆಯ ಹೆಜ್ಜೆ ಇಡಲೇಬೇಕು ಅಂತ ಹಟ ಹಿಡಿದರೆ ನೇಗಿಲು ತಿರುಗಲ್ಲ. ಕಾರಿನ ಹಿಂಚಕ್ರಗಳದ್ದೂ ಇದೇ ಕತೆ. ತಿರುವಿನಲ್ಲಿ ಹೊರಚಕ್ರ ಹೆಚ್ಚು ದೂರ ಓಡಬೇಕು, ಒಳಚಕ್ರ ಕಡಿಮೆ. ಇಬ್ಬರಿಗೂ ಎಂಜಿನ್‌ನ ಶಕ್ತಿ ಹಂಚುತ್ತಲೇ ಅವರವರ ವೇಗಕ್ಕೆ ಬಿಟ್ಟುಕೊಡುವ ಗೇರುಗಳ ಪೆಟ್ಟಿಗೆಯೇ ಡಿಫರೆನ್ಷಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಹಬೆ ಬಂಡಿಗೆ ಇದನ್ನು ರೂಪಿಸಿದ್ದು 1827ರಲ್ಲಿ. ಪೆಟ್ರೋಲ್ ಕಾರು ಹುಟ್ಟೋದಕ್ಕೂ ಅರ್ಧ ಶತಮಾನ ಮೊದಲು.

ಈಗ ಸ್ವಲ್ಪ ಲೆಕ್ಕ. ನಿಮ್ಮ ಕಾರಿನ ಹಿಂದಿನ ಎರಡು ಚಕ್ರಗಳ ನಡುವಿನ ಅಂತರ ಒಂದೂವರೆ ಮೀಟರ್ ಅಂತಿಟ್ಟುಕೊಳ್ಳಿ. ಕಾರು ಒಂದು ಪೂರ್ತಿ ಸುತ್ತು ಹೊಡೆದರೆ ಹೊರಚಕ್ರ ಒಳಚಕ್ರಕ್ಕಿಂತ 9.4 ಮೀಟರ್ ಹೆಚ್ಚು ಓಡುತ್ತೆ. ಸುತ್ತು ದೊಡ್ಡದಿರಲಿ, ಚಿಕ್ಕದಿರಲಿ, ಈ ವ್ಯತ್ಯಾಸ ಬದಲಾಗಲ್ಲ. ಕ್ರಾಸ್‌ನಲ್ಲಿ ಒಂದು ಸಾಮಾನ್ಯ ಎಡತಿರುವಿಗೆ ಅದರ ಕಾಲು ಭಾಗ, ಅಂದ್ರೆ ಸುಮಾರು 2.4 ಮೀಟರ್. ಟೆಕ್ ಪಾರ್ಕಿನ ಬೇಸ್‌ಮೆಂಟ್‌ಗೆ ಮೂರು ಸುತ್ತು ಇಳಿದರೆ 28 ಮೀಟರ್. ಡಿಫ್ ಲಾಕ್ ಮಾಡಿದ್ದೀರಿ ಅಂದ್ರೆ ಈ 28 ಮೀಟರ್ ಎಲ್ಲಿಗೂ ಮಾಯ ಆಗಲ್ಲ. ಅಷ್ಟನ್ನೂ ಟೈರುಗಳು ನೆಲಕ್ಕೆ ಉಜ್ಜಿಯೇ ತೀರಿಸಬೇಕು. ಪಾರ್ಕಿಂಗ್‌ನಲ್ಲಿ ಕಿರ್ರ್ ಕಿರ್ರ್ ಅಂತ ಕುಪ್ಪಳಿಸುತ್ತಾ ತಿರುಗುವ ಕಾರು ಇದ್ಯಲ್ಲ, ಆ ಸದ್ದು ಇದೇ ಸಾಲ ತೀರಿಸುವ ಸದ್ದು.

ಹಾಗಾದ್ರೆ ಲಾಕ್ ಯಾಕೆ ಮಾಡ್ತಾರೆ? ಯಾಕಂದ್ರೆ ಮಾಮೂಲಿ ಓಪನ್ ಡಿಫ್‌ಗೆ ಒಂದು ದೊಡ್ಡ ದೌರ್ಬಲ್ಯ ಇದೆ. ಅದು ಎರಡೂ ಚಕ್ರಗಳಿಗೆ ಯಾವಾಗಲೂ ಸಮನಾದ ಟಾರ್ಕನ್ನೇ ಕೊಡುತ್ತೆ. ತಿರುವಿನಲ್ಲಿ ಭಾರವೆಲ್ಲ ಹೊರಗಡೆಗೆ ವಾಲಿ ಒಳಚಕ್ರ ಹಗುರಾದಾಗ ಅದು 300 ನ್ಯೂಟನ್ ಮೀಟರ್ ಮಾತ್ರ ತಡಕೊಳ್ಳುತ್ತೆ ಅನ್ನಿ. ಹೊರಚಕ್ರಕ್ಕೆ ಎಷ್ಟೇ ಹಿಡಿತ ಇದ್ದರೂ ಅದಕ್ಕೂ 300ಕ್ಕಿಂತ ಹೆಚ್ಚು ಸಿಗಲ್ಲ. ನೀವು ಎಷ್ಟು ತುಳಿದರೂ ಒಳಚಕ್ರ ಸುಮ್ಮನೆ ಗಿರಗಿರ ತಿರುಗಿ ಹೊಗೆ ಬಿಡುತ್ತೆ, ಕಾರು ಮುಂದೆ ಹೋಗಲ್ಲ. ಡ್ರಿಫ್ಟ್ ಮಾಡೋಕೆ ಹೋದರೆ ಇನ್ನೂ ಫಜೀತಿ. ಹಿಂಭಾಗ ಜಾರಿತು ಅನ್ನುವಷ್ಟರಲ್ಲಿ ಒಂದು ಚಕ್ರ ಮಾತ್ರ ಸುತ್ತಿ, ಇನ್ನೊಂದು ಮತ್ತೆ ನೆಲ ಕಚ್ಚಿ, ಕಾರು ಸೀದಾ ಆಗಿಬಿಡುತ್ತೆ.

ಲಾಕ್ ಮಾಡಿದಾಗ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಲೇಬೇಕು. ಡ್ರಿಫ್ಟ್‌ನಲ್ಲಿ ಎರಡೂ ಟೈರುಗಳು ನೆಲದ ವೇಗಕ್ಕಿಂತ ಎಷ್ಟೋ ಜೋರಾಗಿ ಸುತ್ತುತ್ತಿರುತ್ತವೆ. ಆಗ ಈ 2.4 ಮೀಟರ್, 9.4 ಮೀಟರ್ ಲೆಕ್ಕವೆಲ್ಲ ಹೊಗೆಯಲ್ಲಿ ಹೊಗೆ. ಬೇಕಾಗಿರೋದು ಒಂದೇ ಗುಣ: ಪ್ರತಿ ಸಲ ತುಳಿದಾಗಲೂ ಕಾರು ಒಂದೇ ರೀತಿ ವರ್ತಿಸಬೇಕು. ಅದನ್ನು ವೆಲ್ಡ್ ಮಾಡಿದ ಡಿಫ್ ಅಥವಾ ಸ್ಪೂಲ್ ಕೊಡುವಷ್ಟು ಖಚಿತವಾಗಿ ಮತ್ಯಾವುದೂ ಕೊಡಲ್ಲ. ಅಮೆರಿಕದಲ್ಲಿ 2004ರಿಂದ ನಡೆಯುತ್ತಿರುವ ಫಾರ್ಮುಲಾ ಡ್ರಿಫ್ಟ್‌ನಲ್ಲಿ ಸಾವಿರ ಹಾರ್ಸ್‌ಪವರ್ ಆಸುಪಾಸಿನ ಕಾರುಗಳೂ ಸ್ಪೂಲ್ ಹಾಕಿಕೊಂಡು ಬರುತ್ತವೆ. ಅವರಿಗೆ ದುಡ್ಡಿಲ್ಲ ಅಂತಲ್ಲ. ಕೆಲಸ ಮುಗಿಯುತ್ತೆ ಅಂತ.

ಆದ್ದರಿಂದ ವೆಲ್ಡಿಂಗ್ ಅಂದ ತಕ್ಷಣ ಮೂಗು ಮುರಿಯುವ ಇನ್ನೊಂದು ಗುಂಪಿಗೂ ಇಲ್ಲೇ ಹೇಳಿಬಿಡ್ತೀನಿ. ಜಪಾನಿನಿಂದ ಟೂ ವೇ ಎಲ್‌ಎಸ್‌ಡಿ ತರಿಸಿ, ಡ್ಯೂಟಿ ಕಟ್ಟಿ, ಅದರ ಡಬ್ಬದ ಫೋಟೋ ಹಾಕಿ, ಪಕ್ಕದವನ ವೆಲ್ಡ್ ಡಿಫ್ ನೋಡಿ ನಗುವವರು ನೀವು. ಅವನ ಕಾರು ಟ್ರ್ಯಾಕ್ ಬಿಟ್ಟು ಎಲ್ಲೂ ಓಡಲ್ಲ, ಟ್ರೇಲರ್‌ನಲ್ಲಿ ಬರುತ್ತೆ, ಟ್ರೇಲರ್‌ನಲ್ಲಿ ಹೋಗುತ್ತೆ, ಡ್ರಿಫ್ಟ್ ಒಂದನ್ನೇ ಮಾಡುತ್ತೆ ಅಂದ್ರೆ ಅವನ ಆಯ್ಕೆ ನಿಮ್ಮದಕ್ಕಿಂತ ಬುದ್ಧಿವಂತಿಕೆಯದ್ದು. ಕೆಲವೇ ಸಾವಿರದಲ್ಲಿ ಮುಗಿದ ಕೆಲಸಕ್ಕೆ ನೀವು ಲಕ್ಷ ದಾಟಿಸಿದ್ದೀರಿ. ಕ್ಲಚ್ ಪ್ಲೇಟ್‌ಗಳು ಸವೆದಾಗ ಮತ್ತೆ ಬಿಚ್ಚಬೇಕು. ಅವನು ಉಳಿದ ದುಡ್ಡಲ್ಲಿ ಟೈರ್ ತಗೊಂಡು ನಿಮಗಿಂತ ನಾಲ್ಕು ದಿನ ಹೆಚ್ಚು ಪ್ರಾಕ್ಟೀಸ್ ಮಾಡ್ತಾನೆ.

ಅಂದ್ರೆ ನನಗೆ ವೆಲ್ಡಿಂಗ್ ಮೇಲೆ ಸಿಟ್ಟಿಲ್ಲ. ಸಿಟ್ಟಿರೋದು ರಸ್ತೆ ಮೇಲೆ ಓಡುವ ವೆಲ್ಡಿಂಗ್ ಮೇಲೆ.

ಬೆಂಗಳೂರಿನಲ್ಲಿ ‘ಟ್ರ್ಯಾಕ್ ಕಾರು’ ಅಂತ ಕರೆಸಿಕೊಳ್ಳುವ ಕಾರಿನ ಒಂದು ವಾರಾಂತ್ಯ ಲೆಕ್ಕ ಹಾಕಿ ನೋಡಿ. ನಮ್ಮೂರಲ್ಲಿ ಗೋಕಾರ್ಟ್ ಟ್ರ್ಯಾಕ್‌ಗಳಿವೆಯೇ ಹೊರತು ದೊಡ್ಡ ರೇಸ್ ಟ್ರ್ಯಾಕ್ ಇಲ್ಲ. ಹತ್ತಿರದ್ದು ಅಂದ್ರೆ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ, ಅದು ಬಿಟ್ಟರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ. ಇರುಂಗಾಟ್ಟುಕೋಟೈಗೆ ಕೃಷ್ಣಗಿರಿ, ವೆಲ್ಲೂರು ದಾಟಿ ಸುಮಾರು 300 ಕಿಲೋಮೀಟರ್. ಟ್ರ್ಯಾಕ್ ಉದ್ದ 3.7 ಕಿಲೋಮೀಟರ್. ದಿನವಿಡೀ ಸೇರಿ 25 ಲ್ಯಾಪ್ ಹೊಡೆದಿರಿ ಅನ್ನಿ, ಅಲ್ಲಿಗೆ 92 ಕಿಲೋಮೀಟರ್. ಹೋಗಿಬಂದ ದಾರಿ 600. ಒಟ್ಟು ಓಟದಲ್ಲಿ ಟ್ರ್ಯಾಕಿನ ಪಾಲು ನೂರಕ್ಕೆ ಹದಿಮೂರು. ಉಳಿದ ಎಂಬತ್ತೇಳು ಪಾಲು ಲಾರಿ, ಬಸ್ಸು, ಟೋಲ್ ಗೇಟು, ಅಡ್ಡ ಬರುವ ಎಮ್ಮೆ, ಮತ್ತು ಮಳೆ. ಸ್ವಾಮಿ, ಇದು ಟ್ರ್ಯಾಕ್ ಕಾರಲ್ಲ. ವರ್ಷಕ್ಕೆ ನಾಲ್ಕು ಸಲ ಟ್ರ್ಯಾಕ್ ನೋಡಿ ಬರುವ ರಸ್ತೆ ಕಾರು.

ಮಳೆಯ ವಿಷಯ ಬಂತಲ್ಲ, ಅದನ್ನೇ ನೋಡೋಣ. ನಮ್ಮ ರಸ್ತೆಗಳಲ್ಲಿ ನೀರು ನಿಲ್ಲೋದು ಹೆಚ್ಚಾಗಿ ಎಡ ಅಂಚಿನಲ್ಲಿ. ನಿಮ್ಮ ಎಡಚಕ್ರ ಆ ನೀರಿಗೆ ಬಿತ್ತು, ಬಲಚಕ್ರ ಡಾಂಬರಿನ ಮೇಲಿದೆ, ಕಾಲು ಆ್ಯಕ್ಸಿಲರೇಟರ್ ಮೇಲಿದೆ. ಓಪನ್ ಡಿಫ್ ಆದ್ರೆ ಎಡಚಕ್ರ ಸ್ವಲ್ಪ ಸುಮ್ಮನೆ ಸುತ್ತುತ್ತೆ, ಬಲಚಕ್ರಕ್ಕೂ ಹೆಚ್ಚು ಟಾರ್ಕ್ ಹೋಗಲ್ಲ, ಆದರೆ ಅದು ನೆಲವನ್ನು ಬಿಡದೆ ಕಾರಿನ ಹಿಂಭಾಗವನ್ನು ಹಿಡಿದಿಟ್ಟಿರುತ್ತೆ. ಓಪನ್ ಡಿಫ್‌ನ ಸೋಮಾರಿತನವೇ ಇಲ್ಲಿ ನಿಮ್ಮನ್ನು ಕಾಪಾಡೋದು. ಲಾಕ್ ಮಾಡಿದ ಡಿಫ್ ಆದ್ರೆ ಟಾರ್ಕೆಲ್ಲ ಹಿಡಿತ ಇರುವ ಬಲಚಕ್ರಕ್ಕೇ ಹೋಗುತ್ತೆ. ಬಲಗಡೆಯಿಂದ ಮಾತ್ರ ತಳ್ಳಿದರೆ ಕಾರಿನ ಮೂತಿ ಎಡಕ್ಕೆ ತಿರುಗುತ್ತೆ. ಎಡಕ್ಕೆ ಯಾರಿರ್ತಾರೆ? ಮಳೆಗೆ ಹೆದರಿ ಅಂಚು ಹಿಡಿದು ನಿಧಾನಕ್ಕೆ ಹೋಗುತ್ತಿರುವ ಸ್ಕೂಟರಿನವರು, ರೇನ್‌ಕೋಟ್ ಹಾಕೊಳ್ಳೋಕೆ ನಿಂತ ಡೆಲಿವರಿ ಹುಡುಗರು. ತುಸು ಹೆಚ್ಚು ತುಳಿದರೆ ಎರಡೂ ಚಕ್ರ ಒಟ್ಟಿಗೇ ಜಾರುತ್ತವೆ, ಹಿಂಭಾಗ ಹಿಡಿದುಕೊಳ್ಳೋಕೆ ಒಂದು ಟೈರೂ ಉಳಿದಿರಲ್ಲ. ಟ್ರ್ಯಾಕ್‌ನಲ್ಲಿ ಹೀಗಾದರೆ ಗಿರ್ರನೆ ತಿರುಗಿ ಹುಲ್ಲಿನ ಮೇಲೆ ನಿಂತು ನಗಬಹುದು. ರಸ್ತೆಯಲ್ಲಿ ಹುಲ್ಲಿರಲ್ಲ, ಜನ ಇರ್ತಾರೆ.

‘ನಾನು ಜಾಗ್ರತೆಯಾಗಿ ಓಡಿಸ್ತೀನಿ, ಸ್ಟೆಬಿಲಿಟಿ ಕಂಟ್ರೋಲ್ ಇದೆ’ ಅಂತೀರಾ? ಆ ವ್ಯವಸ್ಥೆ ನಿಂತಿರೋದೇ ನಾಲ್ಕು ಚಕ್ರಗಳ ವೇಗವನ್ನು ಬೇರೆಬೇರೆಯಾಗಿ ಅಳೆದು, ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕೋದರ ಮೇಲೆ. ಹಿಂದಿನ ಎರಡು ಚಕ್ರಗಳನ್ನು ನೀವು ಒಂದೇ ಸರಳಿಗೆ ಬೆಸೆದ ಮೇಲೆ ಒಂದಕ್ಕೆ ಬ್ರೇಕ್ ಹಾಕಿದರೆ ಇನ್ನೊಂದಕ್ಕೂ ಬೀಳುತ್ತೆ. ಎಬಿಎಸ್‌ನದ್ದೂ ಇದೇ ಗತಿ. ಕಾರಿನ ಕಂಪ್ಯೂಟರ್‌ಗೆ ನೀವು ಇದನ್ನೆಲ್ಲ ಹೇಳಿಲ್ಲ. ಅದು ಇನ್ನೂ ಕಂಪನಿಯಿಂದ ಬಂದ ಕಾರನ್ನೇ ಕಾಪಾಡ್ತಿದ್ದೀನಿ ಅಂದುಕೊಂಡಿದೆ.

ಇನ್ನೊಂದು ವಾದ ಬರುತ್ತೆ: ‘ವರ್ಷದಿಂದ ಓಡಿಸ್ತಿದ್ದೀನಿ ಗುರು, ಏನೂ ಆಗಿಲ್ಲ.’ ನಂಬ್ತೀನಿ. ಒಣ ಹೈವೇಯಲ್ಲಿ ಏನೂ ಆಗಲ್ಲ. 300 ಮೀಟರ್ ತ್ರಿಜ್ಯದ ದೊಡ್ಡ ತಿರುವಿನಲ್ಲಿ ಎರಡು ಚಕ್ರಗಳ ವೇಗದ ವ್ಯತ್ಯಾಸ ನೂರಕ್ಕೆ ಅರ್ಧ ಮಾತ್ರ, ಟೈರಿನ ರಬ್ಬರೇ ಅದನ್ನು ನುಂಗಿಕೊಳ್ಳುತ್ತೆ. ಅಪಾಯ ಇರೋದೇ ಈ ನೆಮ್ಮದಿಯಲ್ಲಿ. ಮುನ್ನೂರು ದಿನ ಸುಮ್ಮನಿದ್ದು ಮುನ್ನೂರ ಒಂದನೇ ದಿನ, ಮೊದಲ ಮಳೆಗೆ ಎಣ್ಣೆ ತೇಲಿದ ಫ್ಲೈಓವರ್ ಇಳಿಜಾರಿನ ತಿರುವಿನಲ್ಲಿ ಅದು ತನ್ನ ಬುದ್ಧಿ ತೋರಿಸುತ್ತೆ. ಏನೂ ಆಗಿಲ್ಲ ಅನ್ನೋದು ಇಂಜಿನಿಯರಿಂಗ್ ಅಲ್ಲ, ಪುಣ್ಯ.

ಸರಿ, ಜನರ ಮಾತು ಬಿಡಿ, ನಿಮ್ಮ ಕಾರಿನ ಮಾತನ್ನೇ ಆಡೋಣ. 200 ನ್ಯೂಟನ್ ಮೀಟರ್ ಎಂಜಿನ್, ಮೊದಲ ಗೇರ್ 3.8, ಕೊನೆಯ ಅನುಪಾತ 3.6. ಗುಣಿಸಿದರೆ ಹಿಂದಿನ ಆ್ಯಕ್ಸಲ್‌ಗೆ ಬರೋದು ಸುಮಾರು 2,700 ನ್ಯೂಟನ್ ಮೀಟರ್. ಓಪನ್ ಡಿಫ್ ಇದನ್ನು ಯಾವಾಗಲೂ ಅರ್ಧರ್ಧ ಹಂಚುತ್ತೆ, ಹಾಗಾಗಿ ಎಂಜಿನ್ ಎಳೆತದಿಂದ ಒಂದು ಶಾಫ್ಟ್ ಮೇಲೆ ಬೀಳೋದು ಹೆಚ್ಚೆಂದರೆ 1,350. ಲಾಕ್ ಮಾಡಿದಾಗ ಒಂದು ಚಕ್ರ ಗಾಳಿಯಲ್ಲೋ ನೀರಲ್ಲೋ ಇದ್ದರೆ ಪೂರ್ತಿ 2,700 ಒಂದೇ ಶಾಫ್ಟ್ ಮೇಲೆ. ಜೊತೆಗೆ ಪ್ರತಿ ತಿರುವಿನಲ್ಲೂ ಎರಡು ಶಾಫ್ಟ್‌ಗಳು ಒಂದನ್ನೊಂದು ತಿರುಚುತ್ತಲೇ ಇರುತ್ತವೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೀತು ಅಂತಾರಲ್ಲ, ಹಾಗೆ. ನಡುವೆ ನೊಗ ಮುರಿಯುತ್ತೆ.

ವೆಲ್ಡಿಂಗ್ ಕೂಡ ಅಂದುಕೊಂಡಷ್ಟು ಸಸಾರ ಅಲ್ಲ. ಡಿಫ್ ಒಳಗಿನ ಗೇರುಗಳು ಗಟ್ಟಿ ಮಾಡಿದ ಉಕ್ಕು. ಅವನ್ನು ಮೊದಲೇ ಬಿಸಿ ಮಾಡದೆ ವೆಲ್ಡ್ ಎಳೆದು ಹಾಗೇ ತಣ್ಣಗಾಗೋಕೆ ಬಿಟ್ಟರೆ ಬೆಸುಗೆಯ ಪಕ್ಕದ ಲೋಹ ಗಾಜಿನ ಹಾಗೆ ಬಿರುಸಾಗುತ್ತೆ. ಗೇಟು ಗ್ರಿಲ್ ಮಾಡುವ ಅಂಗಡಿಯಲ್ಲಿ ಎಳೆಸಿದ ಬೆಸುಗೆ ಒಂದು ದಿನ ಸೀಳಿ, ಅದರ ಚೂರು ಕ್ರೌನ್ ವೀಲ್‌ಗೂ ಪಿನಿಯನ್‌ಗೂ ನಡುವೆ ಸಿಕ್ಕಿಕೊಂಡರೆ ಹಿಂಚಕ್ರಗಳು ಓಡುತ್ತಿರುವಾಗಲೇ ಲಾಕ್ ಆಗಬಹುದು. ಸಿಡಿದ ಕಿಡಿಗಳ ಚೂರುಗಳನ್ನು ತೊಳೆಯದೆ ಎಣ್ಣೆ ಸುರಿದರೆ ಬೇರಿಂಗ್‌ಗಳು ಅದನ್ನೇ ಅರೆಯುತ್ತವೆ. ಟ್ರೇಲರ್ ಇರುವವರೂ ಕೇಳಿಸಿಕೊಳ್ಳಿ: ನಿಮ್ಮ ಡಿಫ್‌ಗೆ ಸ್ಪೂಲ್ ಸಿಗುತ್ತೆ ಅಂದ್ರೆ ಅದನ್ನೇ ಹಾಕಿ. ಸಿಗದಿದ್ದರೆ ಈ ಲೋಹ ಗೊತ್ತಿರುವವರ ಹತ್ರವೇ ವೆಲ್ಡ್ ಮಾಡಿಸಿ.

‘ಹಾಗಾದ್ರೆ ಆಸ್ಟ್ರೇಲಿಯಾದ ಸೂಪರ್‌ಕಾರ್ಸ್ ರೇಸಲ್ಲಿ ಸ್ಪೂಲ್ ಇದೆಯಲ್ಲ, ಅವು ಡ್ರಿಫ್ಟ್ ಮಾಡಲ್ಲ, ಲ್ಯಾಪ್ ಹೊಡೀತವೆ’ ಅಂತ ಓದಿಕೊಂಡವರು ಕೇಳ್ತಾರೆ. ಒಳ್ಳೇ ಪ್ರಶ್ನೆ. ಉತ್ತರ ನಿಮಗೆ ಗೊತ್ತಿರುವ ಜಾಗದಲ್ಲೇ ಇದೆ. ಆಫೀಸಿನ ಟೀಮ್ ಔಟಿಂಗ್‌ಗೆ ಹೋಗಿ ಓಡಿಸಿದ ಗೋಕಾರ್ಟ್‌ಗೂ ಡಿಫರೆನ್ಷಿಯಲ್ ಇರಲ್ಲ, ಹಿಂದೆ ಒಂದೇ ಸರಳು. ಆದರೂ ಅದು ಚಕಚಕ ತಿರುಗುತ್ತೆ. ಯಾಕಂದ್ರೆ ಸ್ಟೀರಿಂಗ್ ತಿರುಗಿಸಿದಾಗ ಮುಂಚಕ್ರಗಳ ಕೋನದಿಂದಾಗಿ ಚಾಸಿ ಬಾಗಿ, ಒಳಗಿನ ಹಿಂಚಕ್ರ ನೆಲದಿಂದ ಮೇಲೇಳುವ ಹಾಗೆ ಇಡೀ ಕಾರ್ಟನ್ನೇ ವಿನ್ಯಾಸ ಮಾಡಿರ್ತಾರೆ. ಎದ್ದ ಚಕ್ರ ಜಗಳ ಆಡಲ್ಲ. ಸೂಪರ್‌ಕಾರ್ಸ್‌ನಲ್ಲೂ ಸಸ್ಪೆನ್ಷನ್, ಸೆಟಪ್, ಚಾಲಕರ ವರ್ಷಗಟ್ಟಲೆಯ ಅಭ್ಯಾಸ ಎಲ್ಲವೂ ಆ ಸ್ಪೂಲ್ ಸುತ್ತಲೇ ಕಟ್ಟಿದ್ದು. ನೀವು ಉಳಿದದ್ದನ್ನೆಲ್ಲ ಹಾಗೇ ಬಿಟ್ಟು ಡಿಫ್ ಒಂದನ್ನೇ ಲಾಕ್ ಮಾಡಿದರೆ ತಿರುವಿನ ಶುರುವಿನಲ್ಲಿ ಕಾರು ಮೂತಿ ತಿರುಗಿಸದೆ ಸೀದಾ ಹೋಗುತ್ತೆ, ಕೊನೆಯಲ್ಲಿ ಹಿಂಭಾಗ ಎಗರುತ್ತೆ. ಲ್ಯಾಪ್ ಟೈಮ್ ಬೇಕು ಅನ್ನುವವರಿಗೆ ಇದು ಎರಡೂ ಕಡೆ ನಷ್ಟ.

ಥಾರ್ ಉದಾಹರಣೆ ಕೊಡುವವರೂ ಇದ್ದಾರೆ. ಅದರ ಹಿಂದಿನ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಕೆಸರಲ್ಲಿ ಒಂದು ಚಕ್ರ ಸುಮ್ಮನೆ ಸುತ್ತತೊಡಗಿದಾಗ ತಾನಾಗೇ ಲಾಕ್ ಆಗುತ್ತೆ, ವೇಗ ಹೆಚ್ಚಿದಾಗ ಲಾಕ್ ಆಗದಂತೆ ಅದರೊಳಗೇ ಏರ್ಪಾಡಿದೆ. ಅಂದ್ರೆ ಆ ಎಂಜಿನಿಯರುಗಳು ನನ್ನ ಮಾತನ್ನೇ ಲೋಹದಲ್ಲಿ ಬರೆದಿಟ್ಟಿದ್ದಾರೆ: ಲಾಕ್ ಬೇಕಾದಲ್ಲಿ ಇರಲಿ, ರಸ್ತೆಗೆ ಬಂದಾಗ ಬಿಡಲಿ. ವೆಲ್ಡಿಂಗ್‌ಗೆ ಈ ಬಿಡುವ ಬುದ್ಧಿ ಇಲ್ಲ.

ಹಾಗಾದ್ರೆ ಟ್ರೇಲರ್ ಇಲ್ಲದ, ಆದರೆ ನಿಜವಾಗ್ಲೂ ಟ್ರ್ಯಾಕ್ ಮೇಲೆ ಪ್ರೀತಿ ಇರುವವರು ಏನು ಮಾಡಬೇಕು?

ಮೊದಲನೆಯದಾಗಿ, ಸದ್ಯಕ್ಕೆ ಡಿಫ್ ಮುಟ್ಟಬೇಡಿ. ಒಳ್ಳೇ ಟೈರು, ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಫ್ಲೂಯಿಡ್, ಸರಿಯಾದ ಅಲೈನ್‌ಮೆಂಟ್. ತಿರುವಿನಿಂದ ಹೊರಬರುವಾಗ ಒಳಚಕ್ರ ಸುತ್ತುತ್ತೆ ಅಂತ ದೂರುವವರಲ್ಲಿ ಎಷ್ಟೋ ಜನ ತಿರುವಿನ ಮಧ್ಯದಲ್ಲೇ ಅವಸರದಿಂದ ತುಳಿಯುವವರು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಸ್ಟೀರಿಂಗ್ ನೇರ ಆಗುತ್ತಾ ಹೋದಂತೆ ತುಳಿಯೋದನ್ನು ಕಲಿಯೋಕೆ ಓಪನ್ ಡಿಫ್‌ಗಿಂತ ಕಟ್ಟುನಿಟ್ಟಿನ ಮೇಷ್ಟ್ರು ಇಲ್ಲ.

ಎರಡನೆಯದು, ಅದನ್ನೂ ಕಲಿತು, ಈಗ ಡಿಫ್‌ನಿಂದಲೇ ಸಮಯ ಹೋಗ್ತಿದೆ ಅಂತ ಖಾತ್ರಿಯಾದರೆ ಹೆಲಿಕಲ್ ಎಲ್‌ಎಸ್‌ಡಿ ನೋಡಿ. ಟಾರ್ಸೆನ್, ಕ್ವೈಫ್ ಅಂತ ಹೆಸರು ಕೇಳಿರ್ತೀರಿ. ಇದರಲ್ಲಿ ಸವೆಯುವ ಕ್ಲಚ್ ಇಲ್ಲ, ಪಾರ್ಕಿಂಗ್‌ನಲ್ಲಿ ಸದ್ದಿಲ್ಲ. ಅನುಪಾತ ಮೂರಕ್ಕೊಂದು ಇದ್ದರೆ, ಒಳಚಕ್ರ ತಡಕೊಳ್ಳೋದು ಅದೇ 300 ಆದರೂ ಹೊರಚಕ್ರಕ್ಕೆ 900 ತನಕ ಹೋಗುತ್ತೆ. ಒಟ್ಟು 600 ಇದ್ದದ್ದು 1,200 ಆಯ್ತು, ಅದೂ ರಸ್ತೆಯ ಶಾಂತಿ ಕೆಡಿಸದೆ. ಮಿತಿ ಒಂದೇ. ಒಳಚಕ್ರ ಪೂರ್ತಿ ಗಾಳಿಯಲ್ಲಿ ಎದ್ದರೆ ಸೊನ್ನೆಯ ಮೂರು ಪಟ್ಟು ಸೊನ್ನೆಯೇ.

ಚಕ್ರ ಎತ್ತುವಷ್ಟು ಗಟ್ಟಿ ಸಸ್ಪೆನ್ಷನ್ ಇದ್ದರೆ ಕ್ಲಚ್ ಟೈಪ್. ಒನ್ ವೇ ಅಂದ್ರೆ ತುಳಿದಾಗ ಮಾತ್ರ ಬಿಗಿಯುತ್ತೆ, ಟೂ ವೇ ಅಂದ್ರೆ ಕಾಲು ತೆಗೆದಾಗಲೂ ಅಷ್ಟೇ ಬಿಗಿಯುತ್ತೆ, ಒಂದೂವರೆ ವೇ ಇವೆರಡರ ನಡುವಿನದ್ದು. ಲ್ಯಾಪ್ ಹೊಡೆಯುವ ಹಿಂಚಕ್ರ ಚಾಲನೆಯ ಕಾರಿಗೆ ಶುರುವಿಗೆ ಒಂದೂವರೆ ಸಾಕು. ಇದಕ್ಕೆ ಅದರದ್ದೇ ಎಣ್ಣೆ, ಕಾಲಕಾಲಕ್ಕೆ ಪ್ಲೇಟ್ ಬದಲಾವಣೆ ಬೇಕು ಅನ್ನೋದನ್ನು ಬಜೆಟ್‌ನಲ್ಲಿ ಬರ್ಕೊಳ್ಳಿ. ಪೋಲೋ, ಸ್ವಿಫ್ಟ್ ಥರದ ಮುಂಚಕ್ರ ಚಾಲನೆಯ ಕಾರಿನವರಿಗೆ ಲಾಕ್ ಅನ್ನೋ ಪದವೇ ಬೇಡ. ಎಳೆಯುವ ಚಕ್ರವೇ ತಿರುಗಬೇಕಾದ ಚಕ್ರವೂ ಆಗಿರುವಾಗ ಅವೆರಡನ್ನೂ ಬೆಸೆದರೆ ಸ್ಟೀರಿಂಗ್ ನಿಮ್ಮ ಕೈಯಲ್ಲಿರಲ್ಲ.

ಮೂರನೆಯದು, ನಿಮಗೆ ಬೇಕಾಗಿರೋದು ಡ್ರಿಫ್ಟ್ ಒಂದೇ ಅಂದ್ರೆ ಅದಕ್ಕೇ ಅಂತ ಒಂದು ಕಾರು ಇಡಿ. ಒಬ್ಬರಿಗೆ ಆಗಲ್ಲ ಅಂದ್ರೆ ನಾಲ್ಕು ಜನ ಸೇರಿ. ನಾಲ್ಕು ಸಂಬಳದಲ್ಲಿ ಒಂದು ಹಳೇ ಹಿಂಚಕ್ರ ಚಾಲನೆಯ ಕಾರು, ಬಾಡಿಗೆಗೊಂದು ಫ್ಲ್ಯಾಟ್‌ಬೆಡ್, ಒಂದು ರಾಶಿ ಸವೆದ ಟೈರು. ಅದನ್ನು ಧಾರಾಳವಾಗಿ ವೆಲ್ಡ್ ಮಾಡಿಸಿ, ಮೊದಲು ನಾನೇ ಬಂದು ಚಪ್ಪಾಳೆ ತಟ್ತೀನಿ. ಜಪಾನಿನಲ್ಲಿ ಬೆಟ್ಟದ ರಸ್ತೆಗಳಲ್ಲಿ ಕದ್ದು ಮಾಡುತ್ತಿದ್ದ ಈ ಆಟಕ್ಕೆ ಮರ್ಯಾದೆ ಬಂದಿದ್ದೇ ಅದು ಟ್ರ್ಯಾಕ್ ಒಳಗೆ ಹೋದಾಗ, ಡಿ1 ಗ್ರ್ಯಾನ್ ಪ್ರಿ ಥರದ ಸ್ಪರ್ಧೆಗಳು ಅಂಕ, ತೀರ್ಪುಗಾರರು, ತಡೆಗೋಡೆ ತಂದಾಗ. ನಮ್ಮಲ್ಲಿ ಯಾರೋ ಒಬ್ಬ ವೆಲ್ಡ್ ಮಾಡಿದ ಕಾರಿನಲ್ಲಿ ಸರ್ವಿಸ್ ರೋಡಿನ ಮೇಲೆ ಯಾರಿಗೋ ಗುದ್ದಿದ ಮರುದಿನದಿಂದ ಮಾಡಿಫೈ ಮಾಡಿದ ಪ್ರತಿ ಕಾರೂ ಪೊಲೀಸರ ಕಣ್ಣಿಗೆ ಅಪರಾಧಿ. ನಿಯಮ ಪಾಲಿಸಿ ಟ್ರ್ಯಾಕ್‌ಗೆ ಹೋಗುವವರೂ ಅದರ ದಂಡ ಕಟ್ಟಬೇಕಾಗುತ್ತೆ.

ಡಿಫ್ ಆಯ್ಕೆ ಮಾಡೋದು ಅಂದ್ರೆ ಕಾರು ತನ್ನ ಹೆಚ್ಚಿನ ಕಿಲೋಮೀಟರುಗಳನ್ನು ಎಲ್ಲಿ ಓಡುತ್ತೆ ಅಂತ ಪ್ರಾಮಾಣಿಕವಾಗಿ ಒಪ್ಪಿಕೊಳ್ಳೋದು. ಓಡೋಮೀಟರ್ ನೋಡಿ, ಕಳೆದ ವರ್ಷದ ಟ್ರ್ಯಾಕ್ ಕಿಲೋಮೀಟರುಗಳನ್ನು ಒಂದು ಕಡೆ, ರಸ್ತೆಯದ್ದನ್ನು ಇನ್ನೊಂದು ಕಡೆ ಬರೀರಿ. ರಸ್ತೆಯ ಕಡೆ ಸೊನ್ನೆ ಇದ್ದರೆ ವೆಲ್ಡರ್‌ಗೆ ಫೋನ್ ಮಾಡಿ. ಬೇರೆ ಯಾವ ಅಂಕಿ ಇದ್ದರೂ ಟೈರ್ ಅಂಗಡಿಗೆ ಹೋಗಿ.